ಇನ್ನೂ ಕಟ್ಟದ ಮನೆಯ ಚಿತ್ರ

ಮುಂಬಯಿಯ ಬೀದಿಗಳಲ್ಲಿ ಹೊಸ ಕಟ್ಟಡಗಳ ದೊಡ್ಡ ಚಿತ್ರಫಲಕಗಳನ್ನು ನೀವು ದಿನವೂ ನೋಡುತ್ತಿರುವಿರಿ. ನೆಲದಲ್ಲಿ ಅಡಿಪಾಯವಷ್ಟೇ ಇರುತ್ತದೆ. ಫಲಕದಲ್ಲಿಯಾದರೋ ಗಾಜಿನ ಹೊಳಪು, ಮರಗಳ ನೆರಳು, ಸಂಜೆಯ ದೀಪಗಳು ಎಲ್ಲವೂ ಸಿದ್ಧವಾಗಿರುತ್ತವೆ. ಇಲ್ಲದುದನ್ನು ಇರುವಂತೆ ತೋರಿಸುವ ಈ ವಿದ್ಯೆಯ ಸ್ವರೂಪವನ್ನು ಅರಿಯುವುದು ನಗರವಾಸಿಗಳಿಗೆ ಅವಶ್ಯಕ.

ಇಂತಹ ಚಿತ್ರಗಳಲ್ಲಿ ಎರಡು ಬಗೆಗಳುಂಟು. ಬೆಳಕು, ನೆರಳು, ಕಲ್ಲುಗಾಜುಗಳ ಮೈ ಇವೆಲ್ಲವನ್ನೂ ಛಾಯಾಚಿತ್ರದಂತೆ ಮೂಡಿಸುವುದು ಯಥಾರ್ಥಚಿತ್ರ. ಈಗ ಗಣಕಯಂತ್ರವು ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕಿ ಇದನ್ನು ರಚಿಸುತ್ತದೆ. ಕೆಲವೇ ರೇಖೆಗಳಿಂದ, ಕೆಲವೇ ಬಣ್ಣಗಳಿಂದ ಕಟ್ಟಡದ ಮುಖ್ಯ ಭಾವವನ್ನು ಮಾತ್ರ ಸೂಚಿಸುವುದು ಶೈಲೀಕೃತ ಚಿತ್ರ. ಮೊದಲನೆಯದು ಸತ್ಯ, ಎರಡನೆಯದು ಕಲ್ಪನೆ ಎಂದು ನಮಗೆ ತೋರುವುದು ಸಹಜ. ಆದರೆ ವಿಷಯವು ಅಷ್ಟು ಸರಳವಲ್ಲ.

ಸಿಡ್ನಿಯ ಒಪೆರಾ ಭವನದ ಉದಾಹರಣೆಯನ್ನು ನೋಡೋಣ. 1957ರಲ್ಲಿ ಸ್ಪರ್ಧೆಯನ್ನು ಗೆದ್ದ ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸನ್ನರ ಚಿತ್ರಗಳು ಬಹಳ ಸರಳವಾಗಿದ್ದವು. ಹಾಯಿಗಳಂತೆ ಏರಿದ ಛಾವಣಿಯ ರೂಪವು ಅವುಗಳಲ್ಲಿತ್ತು; ಅದನ್ನು ಕಟ್ಟುವ ಗಣಿತವಿರಲಿಲ್ಲ. ಆ ಚಿತ್ರಗಳು ತಮ್ಮ ಅಪೂರ್ಣತೆಯನ್ನು ಮರೆಮಾಚಿರಲೂ ಇಲ್ಲ. ಆದರೂ ಛಾವಣಿಯ ರಚನೆ ನಿಶ್ಚಯವಾಗುವ ಮೊದಲೇ, 1959ರಲ್ಲಿ, ಕೆಲಸವನ್ನು ಆರಂಭಿಸಿದರು. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದ ಮೈಯಿಂದ ಪಡೆಯುವ ಉಪಾಯವು ದೊರೆತದ್ದು 1961ರಲ್ಲಿ. 1963ಕ್ಕೆ ಮುಗಿಯಬೇಕಾಗಿದ್ದ ಭವನವು 1973ರಲ್ಲಿ ತೆರೆಯಿತು. 70 ಲಕ್ಷ ಡಾಲರಿನ ಅಂದಾಜು 10 ಕೋಟಿ 20 ಲಕ್ಷಕ್ಕೆ ಏರಿತು. ಇಲ್ಲಿ ತಪ್ಪು ರೇಖೆಯದಲ್ಲ. ಸೂಚನೆಯನ್ನೇ ನಿರ್ಣಯವೆಂದು ತಿಳಿದ ಅವಸರದ್ದು.

ಯಥಾರ್ಥಚಿತ್ರದ ಅಪಾಯವು ಇದಕ್ಕಿಂತಲೂ ಸೂಕ್ಷ್ಮ. ಇನ್ನೂ ನಿಶ್ಚಯವಾಗದುದನ್ನು ಸಹ ಅದು ನಿಶ್ಚಯವಾದಂತೆ ತೋರಿಸಬಲ್ಲದು. ನೋಟವನ್ನು ಅಗಲವಾಗಿ ಹಿಗ್ಗಿಸಿದರೆ 10 ಅಡಿಯ ಕೋಣೆಯೂ ಸಭಾಂಗಣದಂತೆ ಕಾಣುತ್ತದೆ. ನೆರೆಯ ಕಟ್ಟಡವನ್ನು ಬಿಟ್ಟುಬಿಟ್ಟರೆ ಕತ್ತಲೆಯ ಕಿಟಕಿಗೂ ಬಿಸಿಲು ಬೀಳುತ್ತದೆ. ಜೀವಮಾನದ ಉಳಿತಾಯವನ್ನು ಸುರಿದು ಮನೆ ಕೊಳ್ಳುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಆದುದರಿಂದಲೇ, ಜಾಹೀರಾತಿನ ಸುಳ್ಳು ವಿವರವನ್ನು ನಂಬಿ ಹಣ ಕೊಟ್ಟು ನಷ್ಟಹೊಂದಿದವರಿಗೆ ಪರಿಹಾರ ದೊರೆಯಬೇಕೆಂದು ನಮ್ಮ ದೇಶದ 2016ರ ಸ್ಥಿರಾಸ್ತಿ ಕಾಯಿದೆಯು ವಿಧಿಸಿದೆ.

ಹಾಗಾದರೆ ಯಾವ ಚಿತ್ರವು ಮೇಲು? ಯೋಚನೆಯು ಇನ್ನೂ ಬೆಳೆಯುತ್ತಿರುವಾಗ ಶೈಲೀಕೃತ ಚಿತ್ರವೇ ಉಚಿತ; ಅದು ನೋಡುವವನನ್ನು ಚರ್ಚೆಗೆ ಕರೆಯುತ್ತದೆ. ಅಳತೆ, ಸಾಮಗ್ರಿಗಳು ನಿಶ್ಚಯವಾದ ಮೇಲೆ ಯಥಾರ್ಥಚಿತ್ರವು ಉಪಯುಕ್ತ. ಬೆಳಕು ಎಲ್ಲಿ ಬೀಳುವುದು, ಕಲ್ಲಿಗೆ ಯಾವ ಬಣ್ಣ ಒಪ್ಪುವುದು ಎಂಬುದನ್ನು ಅದು ಮೊದಲೇ ತಿಳಿಸುತ್ತದೆ. ರಚಿಸಿದವನಿಗೆ ಎಷ್ಟು ನಿಶ್ಚಯವಿದೆಯೋ ಅಷ್ಟನ್ನೇ ತೋರಿಸುವುದು ಪ್ರಾಮಾಣಿಕ ಚಿತ್ರ.

ನಿಮ್ಮಲ್ಲಿ ಕೆಲವರು ಮುಂದೆ ಇಂತಹ ಚಿತ್ರಗಳನ್ನು ಬರೆಯುವಿರಿ. ಹಲವರು ಅವುಗಳನ್ನು ನೋಡಿ ಮನೆ ಕೊಳ್ಳುವಿರಿ. ಬರೆಯುವವರು ಈ ನಿಯಮವನ್ನು ಮರೆಯದಿರಲಿ. ಕೊಳ್ಳುವವರು ಚಿತ್ರವನ್ನು ಮೆಚ್ಚಲಿ, ಆದರೆ ನಕ್ಷೆಯನ್ನು ಅಳೆದು ನೋಡಲಿ.