ಹೆಪ್ಪು ಹಾಕಲು ಮರೆತ ರಾತ್ರಿಯ ಖರ್ಚು

ಬ್ಯಾಂಕ್ ಸ್ಟೇಟ್‌ಮೆಂಟನ್ನು ಕೂತು ಓದುವವರು ನಮ್ಮಲ್ಲಿ ಕಡಿಮೆ. ಕೊನೆಯ ಸಾಲಿನ ಬ್ಯಾಲೆನ್ಸ್ ನೋಡಿ ಮುಚ್ಚಿಡುವವರೇ ಹೆಚ್ಚು. ನಾನು ವರ್ಷಕ್ಕೊಮ್ಮೆ, ಆದಾಯ ತೆರಿಗೆ ರಿಟರ್ನ್ಸ್ ಹೊತ್ತಿಗೆ, ಅದನ್ನು ಪ್ರಿಂಟ್ ತೆಗೆಸಿ ಪೆನ್ಸಿಲ್ ಹಿಡಿದು ಕೂರುತ್ತೇನೆ. ಈ ಸಲ ಒಂದು ಕೆಲಸ ಹೆಚ್ಚಿಗೆ ಮಾಡಿದೆ. ಫೋನಿನಲ್ಲಿ ನೋಡಿಕೊಂಡು, ಪ್ರತಿ ಯುಪಿಐ ಪಾವತಿಯ ಪಕ್ಕದಲ್ಲೂ ಅದು ಎಷ್ಟು ಗಂಟೆಗೆ ನಡೆದದ್ದು ಅಂತ ಬರೆದೆ. ಬಾಡಿಗೆ, ಶಾಲೆ ಫೀಸು, ತರಕಾರಿ, ಔಷಧಿ ಎಲ್ಲ ಹಗಲಿನವು. 249, 399, 179, 449 ಇಂಥ ಮೊತ್ತಗಳು ಮಾತ್ರ ಹೆಚ್ಚುಕಮ್ಮಿ ಎಲ್ಲವೂ ರಾತ್ರಿ ಹತ್ತರ ಮೇಲಿನವು. ಊಟ ಮುಗಿಸಿ, ದಿಂಬಿಗೆ ಒರಗಿ, ಹೆಬ್ಬೆರಳಲ್ಲಿ ರೀಲ್ಸ್ ತಳ್ಳುವ ಹೊತ್ತು ಅದು.

ಆ ಮೊತ್ತಗಳನ್ನು ಸ್ವಲ್ಪ ಗಮನಿಸಿ. ಒಂದೂ ಐನೂರು ದಾಟುವುದಿಲ್ಲ. ನಮ್ಮಂಥ ಮನೆಗಳಲ್ಲಿ ಐನೂರರವರೆಗಿನ ವಸ್ತುವಿಗೆ ಯಾರೂ ಯಾರನ್ನೂ ಕೇಳುವುದಿಲ್ಲ. ಸಾವಿರ ಅಂದರೆ "ಏನ್ರೀ, ತಗೊಳ್ಳೋಣ್ವಾ?" ಅಂತ ಒಂದು ಮಾತು ಬಂದೇ ಬರುತ್ತದೆ. ಆ ಮಾತು ಹುಟ್ಟದ ಬೆಲೆಗೇ ರೀಲ್ಸಿನ ಈ ಸರಕು ಬರುತ್ತದೆ. ಕೇಳುವ ಪ್ರಸಂಗವೇ ಇಲ್ಲದ ಮೇಲೆ ಬೇಡ ಅನ್ನುವವರಾದರೂ ಯಾರು?

ಹೆಬ್ಬೆರಳು ತಳ್ಳಿದಷ್ಟೂ ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುತ್ತಾ ಹೋಗುವ ಏರ್ಪಾಡನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಆಮೇಲೆ ಅವರೇ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟಿದ್ದಾರೆ. ನಮಗೆ ಅದರ ಬಿಸಿ ಮುಟ್ಟಿದ್ದು ತಡವಾಗಿ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲೇ ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿ ಕಣ್ಣುಬಿಟ್ಟಿತು. ನೋಡುವುದು, ಆಸೆಪಡುವುದು, ದುಡ್ಡು ಕೊಡುವುದು ಮೊದಲು ಮೂರು ಬೇರೆ ಬೇರೆ ಕೆಲಸಗಳಾಗಿದ್ದವು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಸೀರೆ ನೋಡಿ, ಮನೆಗೆ ಬಂದು, ಸಂಬಳ ಬರಲಿ ಅಂತ ಕಾದು, ಮತ್ತೆ ಹೋಗಿ ತರುತ್ತಿದ್ದೆವು. ಕಾಯುವಾಗಲೇ ಅರ್ಧ ಆಸೆ ಇಳಿದುಹೋಗುತ್ತಿತ್ತು. ಈಗ ಆ ಮೂರೂ ಒಂದೇ ಪರದೆಯಲ್ಲಿ, ಪಿನ್ ಒತ್ತುವಷ್ಟರಲ್ಲಿ ಮುಗಿಯುತ್ತವೆ.

ತಮಾಷೆಯೆಂದರೆ "ಸರಳ ಬದುಕು" ಕೂಡ ಈಗ ಅದೇ ಪರದೆಯಲ್ಲಿ ಮಾರಾಟಕ್ಕಿದೆ. ಬಿಳಿ ಗೋಡೆಯ ಅಡುಗೆಮನೆ, ಒಂದೇ ಅಳತೆಯ ಗಾಜಿನ ಜಾಡಿಗಳು, ಬಿದಿರಿನ ಮುಚ್ಚಳ, ಹಿಂದೆ ಮೆಲುವಾದ ವೀಣೆ. ಕಡಿಮೆ ವಸ್ತುಗಳಲ್ಲಿ ಬದುಕಿ ಅಂತ ಹೇಳುವ ವಿಡಿಯೋದ ಕೆಳಗೆ ಜಾಡಿ ಕೊಳ್ಳುವ ಲಿಂಕು. ನಮ್ಮನೆಗೂ ಒಂದು ಸೆಟ್ ಬಂತು. ನಮ್ಮತ್ತೆ ಒಂದನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆನ್ನಾಗಿದೆಯಮ್ಮ, ಒಳಗೆ ಹಾಕೋಕೆ ಬೇಳೆ ತಂದ್ಯಾ?" ಅಂದರು. ಅವರ ಹಾರ್ಲಿಕ್ಸ್ ಬಾಟಲಿಗಳು ಇನ್ನೂ ಅಟ್ಟದ ಮೇಲಿವೆ, ಒಂದೂ ಒಡೆದಿಲ್ಲ.

ನನ್ನ ಲೆಕ್ಕದಲ್ಲಿ ಸರಳ ಬದುಕು ನಿಂತಿರುವುದು ವಸ್ತುಗಳ ಎಣಿಕೆಯ ಮೇಲಲ್ಲ, ಮುಂಚಿತವಾಗಿ ನೆನಪಾಗುವುದರ ಮೇಲೆ. ದೋಸೆಗೆ ಮಧ್ಯಾಹ್ನವೇ ಅಕ್ಕಿ ಉದ್ದು ನೆನೆಹಾಕಬೇಕು, ಸಂಜೆ ರುಬ್ಬಿಡಬೇಕು. ನಾಳೆ ಉಸಲಿ ಆಗಬೇಕಾದರೆ ಕಡಲೆಕಾಳು ಇವತ್ತು ರಾತ್ರಿ ನೀರಿಗೆ ಬೀಳಬೇಕು. ಹಾಲು ಉಗುರುಬೆಚ್ಚಗಿರುವಾಗಲೇ ಹೆಪ್ಪು ಹಾಕಬೇಕು. ಇವೆಲ್ಲ ಎರಡೆರಡು ನಿಮಿಷದ ಕೆಲಸ, ಖರ್ಚಂತೂ ಇಲ್ಲವೇ ಇಲ್ಲ. ಆದರೆ ಆ ಗಳಿಗೆಯಲ್ಲಿ ತಲೆ ಅಲ್ಲಿರಬೇಕು. ಫೋನು ಕಸಿದುಕೊಳ್ಳುವುದು ಸರಿಯಾಗಿ ಅದನ್ನೇ.

ಹೆಪ್ಪು ಮರೆತರೆ ಏನು ನಷ್ಟ, ಬೆಳಿಗ್ಗೆ ಮೊಸರಿನ ಪ್ಯಾಕೆಟ್ ತಂದರಾಯಿತು, ಹಾಲಿಗೂ ಅದಕ್ಕೂ ಇರುವ ವ್ಯತ್ಯಾಸ ಕೆಲವೇ ರೂಪಾಯಿ ಅನ್ನಬಹುದು. ನಿಜ. ಆದರೆ ಆ ಪ್ಯಾಕೆಟ್ ಒಂಟಿಯಾಗಿ ಬರುವುದಿಲ್ಲ. ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್ ತೆರೆದರೆ, ಡೆಲಿವರಿ ಪುಕ್ಕಟೆಯಾಗಲು ಇನ್ನಷ್ಟು ರೂಪಾಯಿ ಸಾಮಾನು ಸೇರಿಸಿ ಅನ್ನುತ್ತದೆ. ಒಂದು ಬಿಸ್ಕತ್ತು, ಒಂದು ಬ್ರೆಡ್ಡು, ಮಗಳಿಗೆ ಚಾಕೊಲೇಟು. ಮೇಲೆ ಹ್ಯಾಂಡ್ಲಿಂಗ್ ಫೀ. ಮೊಸರಿಗೆ ಅಂತ ಹೋದವರು ಇನ್ನೂರರ ಬಿಲ್ಲು ಮಾಡಿಕೊಂಡು ಬರುತ್ತೇವೆ. ನೆನೆಹಾಕಲು ಮರೆತ ಸಂಜೆಯ ಕಥೆ ಇನ್ನೂ ದುಬಾರಿ, ಅಲ್ಲಿ ಹೋಟೆಲಿನ ಆರ್ಡರ್ರೇ ಬರುತ್ತದೆ.

ಹಾಗಾಗಿ ಮನೆಯ ಖರ್ಚು ಇಳಿಸಬೇಕು ಅನ್ನುವವರಿಗೆ ಕಾಫಿ ಬಿಡಿ, ಸಿನಿಮಾ ಬಿಡಿ ಅಂತ ನಾನು ಹೇಳುವುದಿಲ್ಲ. ಕಾಫಿ ಬಿಡುವ ಮೈಸೂರಿನವರು ಇದ್ದರೆ ನನಗೂ ತೋರಿಸಿ. ಆಸೆಗೂ ಪಾವತಿಗೂ ನಡುವೆ ಮೊದಲಿದ್ದ ದೂರವನ್ನು ವಾಪಸ್ ತಂದುಕೊಂಡರೆ ಸಾಕು.

ನಮ್ಮಲ್ಲಿ ಆ ದೂರ ಗೋಡೆಯ ಮೇಲಿದೆ. ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅದರ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಖು, ಕೆಲಸದವರ ರಜೆ ಬರೆಯುವುದು ಅತ್ತೆಯ ಕಾಲದಿಂದ ಬಂದದ್ದು. ಈಗ ಯಾರಿಗೆ ಏನು ಬೇಕೆನಿಸಿದರೂ, ಬೆಲೆ ಸಮೇತ, ಆ ದಿನದ ಚೌಕದಲ್ಲೇ ಪೆನ್ಸಿಲಿನಲ್ಲಿ ಬರೆಯಬೇಕು. ತಿಂಗಳ ಮೊದಲ ಭಾನುವಾರ ತಿಂಡಿಯಾದ ಮೇಲೆ ಓದುತ್ತೇವೆ. ಗೋಡೆಗೆ ಬಿದ್ದ ಮೇಲೆ ಅದು ಎಲ್ಲರ ಕಣ್ಣಿಗೂ ಬಿತ್ತು, ಐನೂರರ ಒಳಗಿನದ್ದೂ. ಬರೆದವರೇ ಬಂದು ಹೊಡೆದುಹಾಕುವುದು ಹೆಚ್ಚು. ಮಗಳು ಬರೆದ ಬಣ್ಣ ಬದಲಾಯಿಸುವ ರಾತ್ರಿದೀಪ ವಾರದೊಳಗೆ ಗೀಟು ಹಾಕಿಸಿಕೊಂಡಿತು. ನಮ್ಮನೆಯವರ ಕುತ್ತಿಗೆ ಮಸಾಜರ್ ಮಾತ್ರ ಇನ್ನೂ ಹಟ ಹಿಡಿದು ಕೂತಿದೆ. ಆದರೆ ಕುಕ್ಕರಿನ ಗ್ಯಾಸ್ಕೆಟ್ಟು, ಮಿಕ್ಸಿ ಜಾರಿನ ಬ್ಲೇಡಿಗೆ ಸಾಣೆ, ಚಪ್ಪಲಿಗೆ ಹೊಲಿಗೆ ಇಂಥವು ಯಾರ ತಕರಾರೂ ಇಲ್ಲದೆ ಪಾಸಾಗುತ್ತವೆ. ಇವು ಯಾವ ರೀಲಿನಲ್ಲೂ ಬರುವುದಿಲ್ಲ ನೋಡಿ.

ಫೋನಿನ ಒಳಗೂ ಸ್ವಲ್ಪ ಕೆಲಸವಿದೆ. ಶಾಪಿಂಗ್ ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡನ್ನು ಅಳಿಸಿ. ಕಾರ್ಡು ಹುಡುಕಲು ಎದ್ದು ಹೋಗಬೇಕಾದರೆ ನಡುರಾತ್ರಿಯ ಎಷ್ಟೋ ಆರ್ಡರ್‌ಗಳು ಅಲ್ಲೇ ಸಾಯುತ್ತವೆ. ಯುಪಿಐ ಆ್ಯಪಿನಲ್ಲಿ ಆಟೋಪೇ ಅಂತ ಒಂದು ಪಟ್ಟಿ ಇರುತ್ತದೆ, ತೆರೆದು ನೋಡಿ. ಚಂದಾ ಹಣ ಕಡಿತವಾಗುವ 24 ಗಂಟೆ ಮೊದಲು ಸೂಚನೆ ಬರಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಆದರೆ ಸಾಮಾನ್ಯವಾಗಿ ₹15,000ದ ಒಳಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ಸೂಚನೆಯ ಮೆಸೇಜು ಲೋನ್ ಬೇಕಾ ಅನ್ನುವ ಮೆಸೇಜುಗಳ ರಾಶಿಯಲ್ಲಿ ಮುಚ್ಚಿಹೋಗಿರುತ್ತದೆ. ನೋಡುವುದನ್ನೇ ಬಿಟ್ಟ ಒಟಿಟಿಗೆ ತಿಂಗಳು ತಿಂಗಳೂ ದುಡ್ಡು ಹರಿಯುವುದು ಹೀಗೆ.

"ಇನ್ನು ಎರಡೇ ಉಳಿದಿವೆ" ಎಂದು ಶಾಪಿಂಗ್ ಆ್ಯಪ್‌ಗಳು ಹುಟ್ಟಿಸುವ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರುವ ದೇಣಿಗೆ ಅಥವಾ ವಿಮೆ, ಕೊನೆಯ ಪುಟದಲ್ಲಿ ಏರುವ ಬೆಲೆ, ಬಿಡಲು ಹೋದರೆ ದಾರಿಯೇ ಸಿಗದ ಚಂದಾ ಇವೆಲ್ಲ ಈಗ ಕಾನೂನಿನ ಕಣ್ಣಿನಲ್ಲೂ ತಪ್ಪು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ದೂರು ಕೊಡಲು 1915 ಸಂಖ್ಯೆಗೆ ಕರೆ ಮಾಡಬಹುದು. ನಿಯಮ ಬಂದಮೇಲೂ ಈ ಆಟ ನಿಂತಿಲ್ಲ ಅನ್ನುವುದು ಫೋನಿದ್ದವರಿಗೆಲ್ಲ ಗೊತ್ತು.

ಇಷ್ಟೆಲ್ಲ ಮಾಡಿದರೂ ಒಬ್ಬರೇ ಫೋನು ಬಿಡುವುದು ಕಷ್ಟ. ಪಕ್ಕದಲ್ಲಿ ಕೂತವರ ಫೋನಿನಿಂದ ನಗು ಕೇಳಿಸುತ್ತಿದ್ದರೆ ನಮ್ಮ ಕೈಯೂ ತುರಿಸುತ್ತದೆ. ಬೆಳಗಾವಿ ಹತ್ತಿರದ ಹಲಗಾದ ಜನ ಇದನ್ನು ಊರಿನ ಮಟ್ಟದಲ್ಲೇ ಹಿಡಿದರು. ಅಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿದರೆ ಒಂಬತ್ತರವರೆಗೆ ಟಿವಿ, ಮೊಬೈಲ್ ಬಂದ್. ಮಕ್ಕಳ ಓದಿಗಾಗಿ ಮಾಡಿಕೊಂಡ ಏರ್ಪಾಡು ಅದು. ನಮ್ಮ ಬೀದಿಯಲ್ಲಿ ಸೈರನ್ ಹಾಕಿದರೆ ಜಗಳವೇ ಆದೀತು. ಮನೆಯೊಳಗೆ ಮಾತ್ರ ಊಟದಿಂದ ಮಲಗುವವರೆಗೆ ಎಲ್ಲರ ಫೋನೂ ಹಾಲ್‌ನ ಸ್ಟೂಲಿನ ಮೇಲೆ ಚಾರ್ಜಿಗೆ. ಶಾಲೆಯ ಹೋಮ್‌ವರ್ಕು ವಾಟ್ಸ್‌ಆ್ಯಪಿನಲ್ಲೇ ಬರುವುದರಿಂದ ಮಗಳಿಗೆ ವಿನಾಯಿತಿ ಉಂಟು, ಅದನ್ನವಳು ಚೆನ್ನಾಗಿಯೇ ಬಳಸಿಕೊಳ್ಳುತ್ತಾಳೆ.

ಹೀಗೆ ಉಳಿದ ದುಡ್ಡು ಖಾತೆಯಲ್ಲೇ ಬಿದ್ದಿದ್ದರೆ ಇನ್ನೊಂದು ರಾತ್ರಿ ಇನ್ನೊಂದು ಜಾಡಿಗೆ ಹೋಗುತ್ತದೆ. ಅದಕ್ಕೇ ತಿಂಗಳಿಗೆ ₹2,000ದ ಅಂಚೆ ಕಚೇರಿ ಆರ್‌ಡಿ ಮಾಡಿಸಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ 6.7% ದರದಲ್ಲಿ, ಕಟ್ಟಿದ ₹1.20 ಲಕ್ಷ ಐದು ವರ್ಷಕ್ಕೆ ಸುಮಾರು ₹1.43 ಲಕ್ಷವಾಗುತ್ತದೆ. ಶೇರು ಪೇಟೆಯವರು ಈ ಬಡ್ಡಿಗೆ ಮೂಗು ಮುರಿಯಬಹುದು. ಮೂರು ವರ್ಷ ತುಂಬುವ ಮೊದಲು ಮುರಿಸಲಾಗುವುದಿಲ್ಲ, ಆಮೇಲೆ ಮುರಿಸಿದರೂ ಉಳಿತಾಯ ಖಾತೆಯ ಬಡ್ಡಿ ಮಾತ್ರ. ನನಗೆ ಹಿಡಿಸಿದ್ದೇ ಆ ಬಿಗಿ. ಸಂಬಳ ಬಂದ ಮಾರನೇ ದಿನವೇ ಕಂತು ತಾನಾಗಿ ಹೋಗುವಂತೆ ಉಳಿತಾಯ ಖಾತೆಗೆ ಸೂಚನೆ ಕೊಟ್ಟಿದ್ದೇನೆ. ಕಡಿತವಾದ ಮೆಸೇಜು ಬರುತ್ತದೆ, ನಾನು ಓದಲು ಹೋಗುವುದಿಲ್ಲ.