ಎರಡನೆಯ ಸಲದ ‘ಕರೆಂಟು’

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಕಡೆ ಕಿರಣ ಚಿಕಿತ್ಸೆಯನ್ನು ಜನ ‘ಕರೆಂಟು ಕೊಡಿಸುವುದು’ ಎನ್ನುತ್ತಾರೆ. ಹೆಸರು ತಪ್ಪು. ಶರೀರದೊಳಕ್ಕೆ ಹೋಗುವುದು ವಿದ್ಯುತ್ತಲ್ಲ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣಗಳ ಜಾತಿಗೇ ಸೇರಿದ, ಅವಕ್ಕಿಂತ ಬಹಳ ಹೆಚ್ಚು ಶಕ್ತಿಯುಳ್ಳ ಕಿರಣಗಳು. ಈ ತಪ್ಪಿನಿಂದ ಕೆಡುಕೇನೂ ಇಲ್ಲ. ಆದರೆ ಇದರ ಜೊತೆಗೆ ಮತ್ತೊಂದು ಮಾತೂ ಕಿವಿಗೆ ಬೀಳುತ್ತದೆ: ‘ಒಂದು ಸಲ ಕರೆಂಟು ಕೊಟ್ಟ ಜಾಗಕ್ಕೆ ಮತ್ತೆ ಕೊಡೋ ಹಂಗಿಲ್ಲ.’ ಇದು ಎಷ್ಟರ ಮಟ್ಟಿಗೆ ನಿಜ? ನಾನು ಬಿ.ಎ. ವಿದ್ಯಾರ್ಥಿ, ವೈದ್ಯಶಾಸ್ತ್ರ ಬಲ್ಲವನಲ್ಲ. ಆದರೂ ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿ ಮೊದಲಾದ ಕಡೆ ಹುಟ್ಟಿದ ಕ್ಯಾನ್ಸರು ರಕ್ತದ ಮೂಲಕ ಬೆನ್ನೆಲುಬಿಗೆ ಇಳಿಯುವುದುಂಟು. ಬೆನ್ನೆಲುಬಿನ ಸುತ್ತಲ ರಕ್ತನಾಳಗಳಿಗೆ ಕವಾಟಗಳಿಲ್ಲ. ಅಲ್ಲಿ ರಕ್ತ ಎರಡೂ ದಿಕ್ಕಿಗೆ ಹರಿಯಬಲ್ಲದು. ಹೀಗೆ ಬಂದು ಸೇರಿದ ಕ್ಯಾನ್ಸರ್ ಕಣಗಳು ಮೂಳೆಯನ್ನು ತಿನ್ನತೊಡಗಿದಾಗ, ಮಲಗಿದರೂ ಬಿಡದ ನೋವು ಹುಟ್ಟುತ್ತದೆ. ಆಗ ಕೊಡುವ ಕಿರಣ ಚಿಕಿತ್ಸೆ ರೋಗವನ್ನು ಬುಡಸಹಿತ ಕೀಳುವುದಕ್ಕಲ್ಲ, ನೋವನ್ನು ತಗ್ಗಿಸಿ ಕಾಲಿನ ಬಲವನ್ನು ಉಳಿಸುವುದಕ್ಕೆ.

ನಮ್ಮ ಬೀದಿಯ ಹಿರಿಯರೊಬ್ಬರು, ನಾವು ದೊಡ್ಡಮ್ಮ ಎಂದು ಕರೆಯುತ್ತಿದ್ದವರು, ಐದು ದಿನ ಈ ಚಿಕಿತ್ಸೆ ಪಡೆದು ಎಂಟು ತಿಂಗಳು ಸುಖವಾಗಿ ಓಡಾಡಿಕೊಂಡಿದ್ದರು. ನೋವು ಮರುಕಳಿಸಿದಾಗ ಮನೆಯವರು ಮೇಲಿನ ಮಾತನ್ನೇ ನಂಬಿ, ಮಾತ್ರೆ ನುಂಗಿಸುತ್ತ ಎರಡು ತಿಂಗಳು ಕಳೆದರು.

ಆ ಮಾತಿಗೆ ಆಧಾರವಿಲ್ಲದಿಲ್ಲ. ಬೆನ್ನೆಲುಬಿನ ನಡುವೆ ಕಿರುಬೆರಳ ಗಾತ್ರದ ಬೆನ್ನುಹುರಿ ಹಾದುಹೋಗಿದೆ. ಅದು ಸಹಿಸುವ ಕಿರಣದ ಪ್ರಮಾಣಕ್ಕೆ ಮಿತಿಯುಂಟು. ಮಿತಿ ಮೀರಿದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕಾಲುಗಳ ಸ್ವಾಧೀನ ತಪ್ಪಬಹುದು. ಕಿರಣವನ್ನು ಅಳೆಯುವ ಮಾನಕ್ಕೆ ‘ಗ್ರೇ’ ಎಂದು ಹೆಸರು. ದಿನಕ್ಕೆ 2 ಗ್ರೇಯಂತೆ ಒಟ್ಟು 50 ಗ್ರೇ ಕೊಟ್ಟರೆ ಅಪಾಯ ಸಾವಿರಕ್ಕೆ ಇಬ್ಬರಿಗೆ. 60 ಗ್ರೇಗೆ ಅದು ನೂರಕ್ಕೆ ಆರಕ್ಕೆ ಏರುತ್ತದೆ.

ಆದರೆ ಬೆನ್ನುಹುರಿ ಹಳೆಯ ಪೆಟ್ಟನ್ನು ಕಾಲಕ್ರಮದಲ್ಲಿ ಮರೆಯುತ್ತದೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೋತಿಗಳಿಗೆ ಮೊದಲು 44 ಗ್ರೇ ಕೊಟ್ಟು, ಒಂದರಿಂದ ಮೂರು ವರ್ಷ ಬಿಟ್ಟು ಮತ್ತೆ ಕೊಟ್ಟು ನೋಡಿದರು. ಮೊದಲ ಪೆಟ್ಟಿನ ಬಹುಭಾಗದಿಂದ ಹುರಿ ಚೇತರಿಸಿಕೊಂಡಿತ್ತು. ಎರಡು ಚಿಕಿತ್ಸೆಗಳ ನಡುವೆ ಸಾಧ್ಯವಾದರೆ ಆರು ತಿಂಗಳಾದರೂ ಇರಲಿ ಎಂದು ವೈದ್ಯರು ನೋಡುವುದು ಇದಕ್ಕೇ.

ಇಲ್ಲಿ ಒಂದು ಲೆಕ್ಕವಿದೆ. ಗಣಿತಕ್ಕೆ ಹೆದರುವ ನಮ್ಮಂಥವರಿಗೂ ಇದು ಸುಲಭ. ಒಂದು ದಿನದ ಗ್ರೇಯನ್ನು 2ರಿಂದ ಭಾಗಿಸಿ 1 ಕೂಡಿಸಬೇಕು. ಅದರಿಂದ ಒಟ್ಟು ಗ್ರೇಯನ್ನು ಗುಣಿಸಿ ಅರ್ಧ ಮಾಡಬೇಕು. ದಿನಕ್ಕೆ 4ರಂತೆ ಐದು ದಿನ 20 ಗ್ರೇ ಕೊಟ್ಟರೆ ಬೆನ್ನುಹುರಿಗೆ ಅದು 30ಕ್ಕೆ ಸಮ. ಒಂದೇ ದಿನ 8 ಗ್ರೇ ಕೊಟ್ಟರೆ 20ಕ್ಕೆ ಸಮ. ಎರಡೂ ಸೇರಿ 50. ಅಂದರೆ ಹಳೆಯ ಮಿತಿಯನ್ನೂ ದಾಟಲಿಲ್ಲ. ಮೊದಲು ಹತ್ತು ದಿನ 30 ಗ್ರೇ, ಆಮೇಲೆ ಐದು ದಿನ 20 ಗ್ರೇ ಎಂದರೆ ಮೊತ್ತ 67.5 ಆಗುತ್ತದೆ, ವೈದ್ಯರು ಹಿಂದುಮುಂದು ನೋಡುವುದು ಇಂಥಲ್ಲಿ.

ಈ ಚಿಕಿತ್ಸೆಯಿಂದ ಗುಣವೆಷ್ಟು? ಮೂಳೆಯ ನೋವು ಮರುಕಳಿಸಿದ 850 ರೋಗಿಗಳ ಮೇಲೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂತು. ಒಂದೇ ದಿನ 8 ಗ್ರೇ ಪಡೆದವರಲ್ಲಿ ನೂರಕ್ಕೆ 28 ಮಂದಿಗೆ, ಹಲವು ದಿನಗಳಲ್ಲಿ 20 ಗ್ರೇ ಪಡೆದವರಲ್ಲಿ 32 ಮಂದಿಗೆ ನೋವು ತಗ್ಗಿತು. ಅಂತರ ಅಲ್ಪ, ಊಟ ಸೇರದಿರುವುದು, ಭೇದಿ ಮುಂತಾದ ತೊಂದರೆಗಳು ಒಂದೇ ದಿನದವರಲ್ಲಿ ಕಡಮೆ. ಎಲ್ಲರಿಗೂ ಗುಣವಾಗಲಿಲ್ಲವೆಂಬುದನ್ನೂ ಮುಚ್ಚಿಡಬಾರದು. ಆದರೂ ನನಗೆ ಈ ಫಲಿತಾಂಶ ದೊಡ್ಡದೆಂದೇ ತೋರುತ್ತದೆ. ಕನಕಪುರಕ್ಕಾಗಲಿ ಮಾಗಡಿಗಾಗಲಿ ರೈಲಿಲ್ಲ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ, 1973ರಿಂದ ಬಡವರ ಪಾಲಿಗೆ ಆಸರೆಯಾಗಿರುವ ಆ ಸಂಸ್ಥೆಗೆ, ಬೆನ್ನು ನೋವಿನವರು ಬಸ್ಸಿನಲ್ಲಿ ಕುಲುಕುತ್ತ ಒಂದು ದಿನ ಹೋಗುವುದಕ್ಕೂ ಐದೆಂಟು ದಿನ ಹೋಗುವುದಕ್ಕೂ, ಜೊತೆಗೆ ಹೋಗುವ ಮಗನ ಕೂಲಿ ತಪ್ಪುವುದಕ್ಕೂ, ಎಷ್ಟು ವ್ಯತ್ಯಾಸ!

ನೋವಾದರೆ ನಾಲ್ಕು ದಿನ ತಾಳಬಹುದು. ಆದರೆ ಕಾಲು ಜೋಮು ಹಿಡಿದರೆ, ನಡೆಯುವಾಗ ಮಂಡಿ ಕುಸಿದರೆ, ಮೂತ್ರ ಕಟ್ಟಿದರೆ, ಅದು ಹುರಿಯೇ ಅದುಮಿಹೋಗುತ್ತಿರುವ ಗುರುತು. ಅಂದೇ ಹೊರಡಬೇಕು. ಇನ್ನೂ ನಡೆಯುತ್ತಿರುವಾಗ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರು ನಡೆಯುತ್ತಲೇ ಇರುತ್ತಾರೆ. ಕಾಲು ಪೂರ್ತಿ ಬಿದ್ದುಹೋದ ಮೇಲೆ ಮತ್ತೆ ಎದ್ದವರು ಕಡಮೆ. ಕೆಲವರಿಗೆ ಮೊದಲು ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಹುರಿಯನ್ನು ತಪ್ಪಿಸಿ ಮೂಳೆಗೆ ಮಾತ್ರ ಹೆಚ್ಚು ಕಿರಣ ತಲಪುವಂತೆ ಗುರಿಯಿಡುವ ಯಂತ್ರಗಳು ಈಗ ಬಂದಿವೆ. ಯಂತ್ರ ಯಾವುದೇ ಇರಲಿ, ಲೆಕ್ಕ ಹಾಕುವವರಿಗೆ ಮೊದಲ ಸಲದ ವಿವರ ಬೇಕು: ಯಾವ ಎಲುಬಿಗೆ, ಎಷ್ಟು ಗ್ರೇ, ಎಷ್ಟು ದಿನ, ಯಾವ ತಾರೀಖು. ದೊಡ್ಡಮ್ಮನವರ ಕಾಗದಗಳು ಅಟ್ಟದ ಮೇಲೆ ರೇಷ್ಮೆ ತಟ್ಟೆಗಳ ಹಿಂದೆ ಸಿಕ್ಕಿದವು. ಅವನ್ನು ಕೊಂಡೊಯ್ದ ಮೇಲೆ ಒಂದೇ ದಿನದ ಚಿಕಿತ್ಸೆ ಆಯಿತು. ಮೂರು ವಾರದ ಹೊತ್ತಿಗೆ ರಾತ್ರಿ ನಿದ್ದೆ ಬರತೊಡಗಿತು. ಅವರು ತೀರಿಕೊಂಡದ್ದು ಮುಂದಿನ ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೂ ಹಿತ್ತಲಿಗೆ ತಾವೇ ನಡೆದು ಹೋಗುತ್ತಿದ್ದರು.