ಮನೆಯ ಚಾಕು, ಬೆರಳಿನ ಗಾಯ

ಪ್ರಶ್ನೆ: ಕೊರಿಯರ್‌ನಲ್ಲಿ ಬಂದ ಪೆಟ್ಟಿಗೆಯ ಟೇಪ್ ಕೊಯ್ಯುವಾಗ ಕಟ್ಟರ್ ಜಾರಿ ಎಡಗೈ ತೋರುಬೆರಳಿನ ಬುಡಕ್ಕೆ ತಗುಲಿದೆ. ಗಾಯ ಅರ್ಧ ಇಂಚೂ ಇಲ್ಲ, ರಕ್ತವೂ ಬೇಗ ನಿಂತಿತು. ಆದರೆ ಬೆರಳ ತುದಿ ಮಡಚಲು ಬರುತ್ತಿಲ್ಲ. ಊತ ಇಳಿದರೆ ಸರಿಹೋದೀತೇ?

ಉತ್ತರ: ಇದನ್ನು ಊತದ ತಲೆಗೆ ಕಟ್ಟಿ ಕಾಯುವಂತಿಲ್ಲ. ಕೊಯ್ದ ಗಾಯದ ಬೆನ್ನಿಗೇ ಬೆರಳ ತುದಿ ಮಡಚದೆ ನಿಂತರೆ ಸ್ನಾಯುರಜ್ಜು ತುಂಡಾಗಿದೆ ಎಂದೇ ಭಾವಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಕಟ್ಟರ್‌ನ ಅಲಗು ತೆಳು, ಬಲು ಹರಿತ. ಅದು ಮಾಡುವ ಗಾಯದ ಬಾಯಿ ಕಿರಿದಾಗಿದ್ದರೂ ಆಳ ಹೆಚ್ಚಿರಬಹುದು. ಗಾಯದ ಉದ್ದವಾಗಲಿ ಹರಿದ ರಕ್ತವಾಗಲಿ ಆ ಆಳದ ಸುದ್ದಿ ಹೇಳವು.

ಅಂಗೈ ಬದಿಯ ಚರ್ಮದಿಂದ ಕೆಲವೇ ಮಿಲಿಮೀಟರ್ ಕೆಳಗೆ ಬೆರಳನ್ನು ಮಡಚುವ ಸ್ನಾಯುರಜ್ಜುಗಳಿವೆ: ನಾಲ್ಕು ಬೆರಳುಗಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಎರಡರಲ್ಲಿ ಒಂದು ನಡುಗೆಣ್ಣಿನ ತನಕ ಹೋಗುತ್ತದೆ, ಇನ್ನೊಂದು ತುದಿಯ ಗೆಣ್ಣನ್ನು ಬಾಗಿಸುತ್ತದೆ. ತುದಿಯದು ಮಾತ್ರ ಕಡಿದುಹೋದರೆ ಬೆರಳು ನಡುವಿನಲ್ಲಿ ಬಾಗುತ್ತದೆ. ಹಾಗಾಗಿ ಮನೆಯವರು ‘ಬೆರಳು ಆಡುತ್ತಿದೆಯಲ್ಲ’ ಎಂದು ಸುಮ್ಮನಾಗುವುದುಂಟು. ಪರೀಕ್ಷೆ ಸುಲಭ. ಅಂಗೈ ಮೇಲೆ ಮಾಡಿ ಕೈಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯಿಂದ ನಡುಗೆಣ್ಣನ್ನು ನೆಟ್ಟಗೆ ಒತ್ತಿ ಹಿಡಿದು, ತುದಿಯನ್ನಷ್ಟೇ ಬಾಗಿಸಲು ಯತ್ನಿಸಬೇಕು. ಬಾಗಿದರೂ ಬಲವಿಲ್ಲ, ವಿಪರೀತ ನೋವು ಎಂದಾದರೆ ಅರ್ಧ ಕಡಿದಿರುವ ಶಂಕೆ ಉಳಿಯುತ್ತದೆ.

ನರವನ್ನೂ ಪರೀಕ್ಷಿಸಬೇಕು. ಪ್ರತಿ ಬೆರಳಿನ ಎಡಬಲಗಳಲ್ಲಿ ಒಂದೊಂದು ಸ್ಪರ್ಶದ ನರ ಸಾಗುತ್ತದೆ. ಕಣ್ಣು ಮುಚ್ಚಿಸಿ, ಗಾಯದಿಂದ ಮುಂದಿನ ಭಾಗದ ಎರಡೂ ಬದಿಗಳನ್ನು ಹತ್ತಿಯ ಎಳೆಯಿಂದ ಸವರಿದಾಗ ಒಂದು ಬದಿ ಜೋಮು ಹಿಡಿದಂತೆ ಮರಗಟ್ಟಿದ್ದರೆ ಆ ಬದಿಯ ನರಕ್ಕೆ ಪೆಟ್ಟಾಗಿದೆ.

ತುಂಡಾದ ಸ್ನಾಯುರಜ್ಜು ತಾನಾಗಿ ಕೂಡಿಕೊಳ್ಳದು. ಮುಂಗೈಯ ಸ್ನಾಯು ಅದರ ತುದಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೊದಲ ಕೆಲವು ದಿನಗಳಲ್ಲಿ ಹೊಲಿದರೆ ಫಲ ಚೆನ್ನಾಗಿರುತ್ತದೆ. ವಾರಗಳು ಕಳೆದರೆ ಬೇರೆಡೆಯಿಂದ ರಜ್ಜು ತೆಗೆದು ಜೋಡಿಸಬೇಕಾಗಬಹುದು. ಹೊಲಿದ ಮೇಲೂ ಸುಮಾರು ಆರು ವಾರ ಪಟ್ಟಿ, ಹೇಳಿದಷ್ಟೇ ವ್ಯಾಯಾಮ. ಭಾರ ಎತ್ತಲು ಮೂರು ತಿಂಗಳಾದರೂ ಕಾಯಬೇಕು.

ಪ್ರಶ್ನೆ: ಚಾಕು ತಗುಲಿ ರಕ್ತ ಸುರಿಯುವಾಗ ಅರಿಶಿನ ಅಥವಾ ಕಾಫಿ ಪುಡಿ ಒತ್ತುವುದು ಸರಿಯೇ?

ಉತ್ತರ: ಸರಿಯಲ್ಲ. ಅಡುಗೆಮನೆಯ ಅರಿಶಿನ ಕ್ರಿಮಿಶುದ್ಧ ಮಾಡಿದ ವಸ್ತುವಲ್ಲ. ಪುಡಿ ಗಾಯದೊಳಗೆ ಮೆತ್ತಿಕೊಂಡರೆ ವೈದ್ಯರು ಮೊದಲು ಅದನ್ನು ತೊಳೆದು ತೆಗೆಯಬೇಕಾಗುತ್ತದೆ, ಆ ನೋವು ಹೆಚ್ಚುವರಿ. ಕಾಫಿ ಪುಡಿ, ಸುಣ್ಣ, ಟೂತ್‌ಪೇಸ್ಟ್, ಸೀಮೆಎಣ್ಣೆಗಳ ಮಾತೂ ಅಷ್ಟೇ. ರಕ್ತ ನಿಲ್ಲಿಸುವುದು ಒತ್ತಡ. ಶುಭ್ರ ಬಟ್ಟೆಯನ್ನು ಗಾಯದ ಮೇಲಿಟ್ಟು, ಕೈಯನ್ನು ಎದೆಗಿಂತ ಮೇಲಕ್ಕೆತ್ತಿ, ಗಡಿಯಾರ ನೋಡಿಕೊಂಡು 10 ನಿಮಿಷ ಬಿಡದೆ ಒತ್ತಬೇಕು. ನಿಂತಿತೇ ಎಂದು ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡುವುದರಿಂದಲೇ ಹೆಚ್ಚಿನ ಗಾಯಗಳು ಮತ್ತೆ ಸುರಿಯತೊಡಗುತ್ತವೆ. ನಿಂತ ಮೇಲೆ ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದು ಪಟ್ಟಿ ಕಟ್ಟಿದರೆ ಸಾಕು. ನೀರು ಬೆರೆಸದ ಡೆಟಾಲ್, ಸ್ಪಿರಿಟ್ ಸುರಿದರೆ ಜೀವಂತ ಅಂಗಾಂಶವೂ ಸುಡುತ್ತದೆ.

ಬಾಯ್ತೆರೆದ ಗಾಯ, ಹಳದಿ ಕೊಬ್ಬು ಕಾಣುವ ಗಾಯ, ಒತ್ತಿದರೂ ಚಿಮ್ಮುವ ರಕ್ತ, ಇವುಗಳಿಗೆ ಆಸ್ಪತ್ರೆಯೇ ದಾರಿ. ಹೊಲಿಗೆ ಬೇಕಿದ್ದರೆ ಆರೆಂಟು ಗಂಟೆಗಳೊಳಗೆ ತಲುಪುವುದು ಒಳ್ಳೆಯದು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಸೇವಿಸುವವರಲ್ಲಿ ರಕ್ತ ನಿಲ್ಲಲು ಹೆಚ್ಚು ಹೊತ್ತು ಬೇಕು. ಅಲಗು ಮೈಯಲ್ಲಿ ನಾಟಿಕೊಂಡಿದ್ದರೆ ಕೀಳಬಾರದು, ಅದು ಅಲುಗದಂತೆ ಕಟ್ಟಿ 108ಕ್ಕೆ ಕರೆ ಮಾಡಬೇಕು. ಬೆರಳ ತುಂಡು ಕಳಚಿ ಬಿದ್ದಿದ್ದರೆ ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಆ ಚೀಲವನ್ನು ಐಸ್ ಬೆರೆತ ನೀರಿನಲ್ಲಿಟ್ಟು ಒಯ್ಯಬೇಕು. ತುಂಡನ್ನು ನೇರವಾಗಿ ಐಸ್ ಮೇಲಿಟ್ಟರೆ ಅದು ಹೆಪ್ಪುಗಟ್ಟಿ ಕೆಡುತ್ತದೆ.

ಪ್ರಶ್ನೆ: ತುಕ್ಕು ಹಿಡಿದ ಚಾಕು ತಗುಲಿದಾಗಲೆಲ್ಲ ಟಿಟಿ ಇಂಜೆಕ್ಷನ್ ಬೇಕೇ?

ಉತ್ತರ: ಧನುರ್ವಾಯುವಿಗೆ ಕಾರಣ ತುಕ್ಕಲ್ಲ. ಮಣ್ಣು, ಸಗಣಿ, ಧೂಳಿನಲ್ಲಿರುವ ಕ್ಲಾಸ್ಟ್ರಿಡಿಯಂ ಟೆಟಾನಿ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಮೂಲ. ಗಾಳಿಯಾಡದ ಆಳದ ಗಾಯ ಅದಕ್ಕೆ ಅನುಕೂಲ. ಆದ್ದರಿಂದ ತೊಳೆದಿಟ್ಟ ತರಕಾರಿ ಚಾಕುವಿಗಿಂತ ಕೊಟ್ಟಿಗೆಯಲ್ಲಿ, ತೋಟದಲ್ಲಿ ಬಳಸಿದ ಹೊಳೆಯುವ ಕತ್ತಿಯೇ ಹೆಚ್ಚು ಅಪಾಯಕಾರಿ. ಮೂಲ ಲಸಿಕೆ ಪೂರ್ಣವಾಗಿದ್ದು, ಗಾಯ ಚಿಕ್ಕದೂ ಶುಭ್ರವೂ ಆಗಿದ್ದರೆ ಕೊನೆಯ ಡೋಸ್ ಪಡೆದು 10 ವರ್ಷ ದಾಟಿದ್ದಾಗ ಮಾತ್ರ ಮತ್ತೊಂದು ಬೇಕು. ಮಣ್ಣು ಮೆತ್ತಿದ ಗಾಯಕ್ಕೆ ಆ ಮಿತಿ 5 ವರ್ಷ. ಹಿಂದೆ ಲಸಿಕೆ ಆಗಿದೆಯೋ ಇಲ್ಲವೋ ತಿಳಿಯದವರಿಗೆ ಕೊಳಕು ಗಾಯವಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡುತ್ತಾರೆ. ಈಗ ಟಿಟಿ ಬದಲು ಗಂಟಲಮಾರಿಯಿಂದಲೂ ರಕ್ಷಿಸುವ ಟಿಡಿ ಲಸಿಕೆ ಬಂದಿದೆ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿನಲ್ಲಿ ಅದನ್ನೇ ಹಾಕುತ್ತಾರೆ.

ಪ್ರಶ್ನೆ: ಸಕ್ಕರೆ ಕಾಯಿಲೆಯವರು ಚಾಕು ಮುಟ್ಟಬಾರದೇ?

ಉತ್ತರ: ಅಂಥ ನಿಷೇಧವಿಲ್ಲ. ಆದರೆ ಗಾಯ ನಿಧಾನ ಮಾಯುತ್ತದೆ. ಕೆಂಪು, ಬಿಸಿ, ಕೀವು, ಜ್ವರ ಕಂಡರೆ ಮರುದಿನಕ್ಕೆ ಮುಂದೂಡಬಾರದು.

ಪ್ರಶ್ನೆ: ಮನೆಯಲ್ಲಿ ಮಕ್ಕಳಿದ್ದಾರೆ ಎಂದು ಚಾಕುಗಳನ್ನು ಮೊಂಡಾಗಿಯೇ ಇಟ್ಟರೆ ಸುರಕ್ಷಿತವಲ್ಲವೇ?

ಉತ್ತರ: ಮೊಂಡು ಚಾಕುವೇ ಹೆಚ್ಚು ಜಾರುತ್ತದೆ. ಟೊಮೆಟೊದ ಸಿಪ್ಪೆಯನ್ನು ಹೊಗದ ಅಲಗಿನ ಮೇಲೆ ಭಾರ ಹಾಕಿದಾಗ ಅದು ಪಕ್ಕಕ್ಕೆ ಸರಿದು, ಹಣ್ಣು ಹಿಡಿದ ಕೈಗೆ ಬೀಳುತ್ತದೆ. ಬಲಗೈಯವರಲ್ಲಿ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಎಡಗೈ. ಸಾಣೆ ಹಿಡಿಸಿದ ಚಾಕುವನ್ನು ಮಕ್ಕಳ ಕೈಗೆ ಎಟುಕದಂತೆ ಇಡುವುದೇ ಸರಿಯಾದ ಏರ್ಪಾಡು. ಈಳಿಗೆಮಣೆಯ ಅಲಗು ಸದಾ ಮೇಲ್ಮುಖ, ಅದೂ ನೆಲಮಟ್ಟದಲ್ಲಿ. ಅಂಬೆಗಾಲಿಡುವ ಮಗುವಿರುವ ಮನೆಗೆ ಮಡಚುವ ಈಳಿಗೆಯೇ ತಕ್ಕದ್ದು. ಬೆಣ್ಣೆಹಣ್ಣಿನ ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ಚಾಕುವಿನ ತುದಿಯಿಂದ ಕುತ್ತಿ ತೆಗೆಯುವುದು, ತೆಂಗಿನಕಾಯಿಯನ್ನು ಕೈಯಲ್ಲೇ ಹಿಡಿದು ಕತ್ತಿಯಿಂದ ಹೊಡೆಯುವುದು ಎರಡೂ ಕೆಟ್ಟ ರೂಢಿ. ಬೀಜವನ್ನು ಚಮಚದಿಂದ ಎಬ್ಬಿಸಬಹುದು, ಕಾಯಿಯನ್ನು ಕಲ್ಲಿಗೆ ಬಡಿದು ಒಡೆಯಬಹುದು.

ಪೆಟ್ಟಿಗೆ ಬಿಚ್ಚಲು ಅಡುಗೆ ಚಾಕುವಿಗಿಂತ ಕಟ್ಟರ್ ವಾಸಿ, ಅಲಗನ್ನು ಒಂದು ಗೆರೆಯಷ್ಟು ಮಾತ್ರ ಹೊರಗೆ ಬಿಟ್ಟಿದ್ದರೆ. ಉದ್ದ ಬಿಟ್ಟ ಅಲಗು ಬಾಗಿ ಮುರಿದು ಸಿಡಿಯುತ್ತದೆ. ಮೊಂಡಾದ ತುದಿಯನ್ನು ಮುರಿದು ಹೊಸ ಅಂಚು ಪಡೆಯುವ ಈ ಉಪಾಯವನ್ನು 1956ರಲ್ಲಿ ಕಂಡುಹಿಡಿದವರು ಜಪಾನಿನ ಯೋಶಿಯೊ ಒಕಾಡ. ಮುರಿಯುವುದಕ್ಕೆ ಬೆರಳು ಬಳಸದೆ ಇಕ್ಕಳ ಹಿಡಿಯಬೇಕು. ಕೊಯ್ಯುವಾಗ ಅಲಗು ಮೈಯಿಂದ ದೂರಕ್ಕೆ ಓಡಬೇಕು, ಒತ್ತಿ ಹಿಡಿದ ಕೈ ಅದರ ಹಿಂದಿರಬೇಕು.

ಪ್ರಶ್ನೆ: ಮುರಿದ ಬ್ಲೇಡ್ ತುಂಡುಗಳನ್ನು ಎಲ್ಲಿ ಹಾಕಬೇಕು?

ಉತ್ತರ: ಮುಚ್ಚಳವಿರುವ ತಗಡಿನ ಡಬ್ಬಿಯೊಂದರಲ್ಲಿ. ಕಸದ ಚೀಲಕ್ಕೆ ಬಿಡಿಬಿಡಿಯಾಗಿ ಹಾಕಿದ ಬ್ಲೇಡ್ ಮರುದಿನ ಬೆಳಿಗ್ಗೆ ಪೌರಕಾರ್ಮಿಕರ ಅಂಗೈ ಸೀಳುತ್ತದೆ. ಡಬ್ಬಿ ತುಂಬಿದ ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ಬರೆದು, ಉಳಿದ ಕಸದೊಂದಿಗೆ ಸೇರಿಸದೆ ಅವರ ಕೈಗೇ ಕೊಡಬೇಕು.